ನೂರರಲ್ಲೊಂದು ಪಾಲು

ಶಾಫ್ಟು ಇನ್ನೂ ಮಿಲಿಮೀಟರಿನ ನೂರರಲ್ಲೊಂದು ಪಾಲು ಹೆಚ್ಚು ದಪ್ಪವಿತ್ತು. ಪ್ರಾಚಿ ಮೈಕ್ರೋಮೀಟರನ್ನು ಕಣ್ಣಿನ ಹತ್ತಿರ ತಂದು ಮತ್ತೆ ಓದಿದಳು. ಅಷ್ಟೇ.

"ಬೇರಿಂಗ್ ಏರವಲ್ದು ಕಾಕಾ. ಇನ್ನೊಂದು ಸಲ ಸಾಣಿ ಹಿಡದ್ರ ಆತು."

"ಹಿಡಿಯವಾ, ಹಿಡಿ." ಬನಹಟ್ಟಿಯ ನೇಕಾರ ಲಗಮಪ್ಪ ಸ್ಟೂಲಿನಿಂದ ಎದ್ದೇಬಿಟ್ಟ. "ಆದ್ರ ಹೋದ ವಾರದ್ದೂ ಇಲ್ಲೆ ಗಟ್ಟಿ ಕುಂತಿತ್ತು. ಬನಹಟ್ಟಿಗೆ ಒಯ್ದು ಮುಂಜಾನೆ ನೋಡ್ತೀನಿ, ಬೇರಿಂಗ್ ಗಡಗಡ ಅಂತೈತಿ. ರಾತ್ರಿ ಇಲಿ ತಿಂತೇನ ಅದನ್ನ? ಇದೂ ಹಂಗಾತಂದ್ರ ನಾ ಮತ್ತ ಕೊಲ್ಲಾಪುರದ ಬಸ್ ಹತ್ತಾಂವ, ಈಗ ಹೇಳಿರ್ತೀನಿ."

ಪ್ರಾಚಿ ಮೈಕ್ರೋಮೀಟರನ್ನು ಒರೆಸಿ ಪಕ್ಕಕ್ಕಿಟ್ಟಳು. ಡಿಪ್ಲೊಮಾ ಮುಗಿಸಿ ತೇರದಾಳಕ್ಕೆ ಬಂದವಳು, ಹಿತ್ತಲ ಶೆಡ್ಡಿನಲ್ಲಿದ್ದ ಅಪ್ಪನ ಹಳೆಯ ಲೇತಿಗೆ ಸಣ್ಣ ಮೋಟರು, ಸಾಣೆಕಲ್ಲು ಕೂರಿಸಿ, ಮಗ್ಗದ ಶಾಫ್ಟುಗಳನ್ನು ಕೊಲ್ಲಾಪುರಕ್ಕೆ ಒಯ್ಯುವುದು ಬೇಡ, ಇನ್ನು ಇಲ್ಲೇ ಅಳತೆಗೆ ಉಜ್ಜಿಕೊಡುತ್ತೇನೆಂದು ಬನಹಟ್ಟಿಯ ಓಣಿ ಓಣಿ ತಿರುಗಿ ಹೇಳಿಬಂದಿದ್ದಳು. ನಂಬಿದವನು ಲಗಮಪ್ಪ ಒಬ್ಬನೇ. ಅವನೂ ಹೋದರೆ ಸಾಣೆಕಲ್ಲಿಗೆ ಅಡುಗೆಮನೆಯ ಚಾಕುಗಳೇ ಗತಿ.

ಅವಳು ಹಿಡಿಕೆಗೆ ಕೈ ಹಾಕಿದಳು. ಕಲ್ಲು ತಿರುಗತೊಡಗಿತು. ಮರುಕ್ಷಣ ನಿಂತಿತು, ಬಲ್ಬೂ ಆರಿತು. ಬಾಗಿಲಲ್ಲಿ ಅವಳ ತಾಯಿ ತ್ರಿಶಲಾ, ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದಳು.

"ಮೂರು ಸಲ ಕರದೇನಿ. ಹೊತ್ತು ಮುಳಗಾಕ ಬಂತು. ಉಣ್ಣೂದು ಐತೋ, ಉಪಾಸ ಮಲಗೂದು ಐತೋ?"

"ಅವ್ವಾ, ಬರೇ ಒಂದ ನಿಮಿಷ!"

"ಸೂರ್ಯಪ್ಪಗ ಹೇಳು ಅದನ್ನ, ನಿಂತರ ನಿಲ್ಲಲಿ. ಅಣ್ಣಾರ, ನೀವೂ ಬರ್ರಿ, ತಾಟು ಹಚ್ಚೇನಿ."

ಲಗಮಪ್ಪ ಗೊಣಗಿಕೊಂಡೇ ಕೈತೊಳೆದ. ಜೈನರ ಈ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ; ತನ್ನ ಮನೆಯಲ್ಲಿ ಅವನು ಉಣ್ಣುವುದು ರಾತ್ರಿ ಹತ್ತಕ್ಕೆ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಬಂದವು. "ಒಂದು ಉಳ್ಳಾಗಡ್ಡಿ ಇದ್ರ..." ಎಂದು ಶುರುಮಾಡಿದವನು, ತ್ರಿಶಲಾಳ ಮುಖ ನೋಡಿ, "...ಕೆಡತಿತ್ತ ನೋಡ್ರಿ ಇದರ ರುಚಿ" ಎಂದು ಮುಗಿಸಿದ. ನಾಲ್ಕು ರೊಟ್ಟಿ ತಿಂದ. ಪ್ರಾಚಿ ಒಂದನ್ನು ನುಂಗಿ ಶೆಡ್ಡಿನ ಕಡೆಗೇ ನೋಡುತ್ತ ಕುಳಿತಳು. ತಾಯಿ ಇನ್ನೊಂದು ಹಾಕಿದಳು. ಆಮೇಲೆ ಮಜ್ಜಿಗೆ. ಆಮೇಲೆ ಲಗಮಪ್ಪನ ಮಗಳ ಮದುವೆಯ ಸುದ್ದಿ. ಅರ್ಧ ತಾಸು ಹೋಯಿತು.

ಸ್ವಿಚ್ಚು ಹಾಕಿ ಓಡಿಬಂದ ಪ್ರಾಚಿ, ಕಲ್ಲು ತಾಗಿಸುವ ಮೊದಲು ರೂಢಿಯಂತೆ ಮೈಕ್ರೋಮೀಟರು ಹಿಡಿದಳು. ಅಳತೆ ಸರಿಯಾಗಿತ್ತು. ಒರೆಸಿ ಮತ್ತೆ ಹಿಡಿದಳು. ಮೂರು ಕಡೆ ನೋಡಿದಳು. ಸರಿಯಾಗಿಯೇ ಇತ್ತು. ಯಾರೂ ಮುಟ್ಟದ ಶಾಫ್ಟು ತಾನೇ ಸಣ್ಣಗಾಗಿತ್ತು.

ಅವಳು ಅದರ ಮೇಲೆ ಅಂಗೈ ಇಟ್ಟಳು. ಊಟಕ್ಕೆ ಮುಂಚೆ ಬೆಚ್ಚಗಿದ್ದದ್ದು ಈಗ ತಣ್ಣಗಿತ್ತು. ಉಜ್ಜಿದಾಗ ಕಾದು ಹಿಗ್ಗಿದ್ದ ಕಬ್ಬಿಣ ಈಗ ತನ್ನ ಅಳತೆಗೆ ಬಂದಿತ್ತು. ಹೋದ ವಾರದ್ದನ್ನು ಅವಳು ಬಿಸಿಯಿದ್ದಾಗಲೇ ಅಳೆದು, ಒಂದು ಪಾಲು ಹೆಚ್ಚಿಗೆ ಉಜ್ಜಿ, ಬಿಸಿಬಿಸಿಯಾಗಿಯೇ ಕಟ್ಟಿಕೊಟ್ಟಿದ್ದಳು. ಕಾದ ಲೋಹ ಹಿಗ್ಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಎರಡಕ್ಕೆ ಎರಡು ಅಂಕ ಪಡೆದಿದ್ದಳು.

ಒಂದು ಹನಿ ಎಣ್ಣೆ ಸವರಿ ಬೇರಿಂಗನ್ನು ಹೆಬ್ಬೆರಳಿಂದ ಒತ್ತಿದಳು. ಅದು ಅವಸರವಿಲ್ಲದೆ ಜಾರಿ ಹೋಗಿ ಕುಳಿತಿತು. ಲಗಮಪ್ಪ ಹಿಡಿದು ಅಲುಗಾಡಿಸಿದ. ಅಲುಗಲಿಲ್ಲ.

"ಉಜ್ಜಲೇ ಇಲ್ಲಲ್ಲವಾ ನೀ!"

"ಕಾಕಾ, ಅದು ಏನಂದ್ರ, ಬಿಸಿ ಇದ್ದಾಗ..."

ಅವನು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದ. "ಶಿದ್ರಾಮಪ್ಪಾ, ಕೊಲ್ಲಾಪುರ ಬಿಡಲೇ. ನಿನ್ನ ಮೂರೂ ಶಾಫ್ಟ್ ತಗೊಂಡು ನಾಳೆ ತೇರದಾಳಕ್ಕ ಬಾ. ಸಂಜಿ ಊಟದ ಹೊತ್ತಿಗೆ ಸರಿಯಾಗಿ ಬಾ ಮತ್ತ. ಹುಡುಗಿ ಬರೇ ಉಜ್ಜತಾಳ, ಕೆಲಸ ಮುಗಸಾಕಿ ಅವರವ್ವ."