ಹೊಸ ಬ್ರೇಕು ಬಿಗಿದ ಭಾನುವಾರ

ಹೊಸ ಬ್ರೇಕಿನ ರಬ್ಬರ್ ವಾಸನೆ ಬಂದರೆ ಈಗಲೂ ಹಲ್ಲು ಕಚ್ಚುತ್ತೇನೆ.

ಆಗ ನಾನು ಒಂಬತ್ತನೇ ತರಗತಿ. ಗುತ್ತೂರಿನಿಂದ ಹರಿಹರದ ಶಾಲೆಗೆ ಅಪ್ಪನ ಹಳೆಯ ಉಕ್ಕಿನ ರೇಸ್ ಸೈಕಲ್ ತುಳಿಯುತ್ತಿದ್ದೆ. ಬ್ರೇಕ್ ಹಿಡಿಯದೆ ಬಿದ್ದು ಗದ್ದಕ್ಕೆ ಮೂರು ಹೊಲಿಗೆ ಹಾಕಿಸಿಕೊಂಡ ಮೇಲೆ, ಅಪ್ಪ ದಾವಣಗೆರೆಯಿಂದ ಹೊಸ ಬ್ರೇಕ್ ತಂದರು. ಅದರ ರಬ್ಬರ್ ರಿಮ್ಮಿಗೆ ಎಟುಕದೆ ಟೈರನ್ನು ಉಜ್ಜುತ್ತಿತ್ತು. ಅಪ್ಪ ಬೇಸತ್ತು ಕೂತುಬಿಟ್ಟರು. ನಾನೇ ಕಬ್ಬಿಣ ಉಜ್ಜುವ ಅರ ಹಿಡಿದು, ಬ್ರೇಕಿನ ತೋಳಿನಲ್ಲಿ ರಬ್ಬರ್ ಕೂರುವ ಸೀಳನ್ನು ಉಜ್ಜಿ ಉದ್ದ ಮಾಡಿ, ರಬ್ಬರನ್ನು ರಿಮ್ಮಿನ ಮಟ್ಟಕ್ಕೆ ಕೆಳಗಿಳಿಸಿ ಬಿಗಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಬ್ರೇಕ್ ಹಿಡಿದರೆ ಚಕ್ರ ಗಕ್ಕನೆ ನಿಂತಿತು.

ಅಪ್ಪ ನಗುತ್ತಾ ಸೀಟು ತಗ್ಗಿಸಿ ತಮ್ಮನನ್ನು ಹತ್ತಿಸಿದರು. "ಇನ್ನ ಇದು ಇವನಿಗೆ. ನೀನು ಬಸ್ಸಿಗೆ ಹೋಗು. ಹೆಣ್ಣುಮಗಳ ಮುಖಕ್ಕೆ ಮತ್ತ ಏನಾರ ಆದ್ರ?"

"ಬಿದ್ದಾಕಿ ನಾನು, ರಿಪೇರಿ ಮಾಡಿದಾಕಿ ನಾನು. ಇವನಿಗ್ಯಾಕ?"

"ಎದುರು ಮಾತಾಡಬ್ಯಾಡ," ಎಂದಳು ಅವ್ವ ಬಾಗಿಲಿನಿಂದ.

ನಾನು ಸ್ಪ್ಯಾನರ್ ಎತ್ತಿಕೊಂಡು, ಬ್ರೇಕಿನ ತಂತಿಯನ್ನು ಚಕ್ರ ಅಲುಗದಷ್ಟು ಎಳೆದು ಬಿಗಿದೆ. ತಮ್ಮ ಎಷ್ಟು ತುಳಿದರೂ ಸೈಕಲ್ ಕದಲಲಿಲ್ಲ.

"ಬಿಚ್ಚು," ಎಂದು ಅಪ್ಪ ಕೆನ್ನೆಗೆ ಬಾರಿಸಿದರು. ನಾನು ಅಳಲಿಲ್ಲ, ಸ್ಪ್ಯಾನರನ್ನೂ ಬಿಡಲಿಲ್ಲ.

"ಮೊದಲು ಸೀಟು ಏರಿಸ್ರಿ," ಎಂದೆ.

ಅಪ್ಪ ಏರಿಸಲಿಲ್ಲ, ನಾನೂ ಬಿಚ್ಚಲಿಲ್ಲ. ಮರುದಿನ ನಾನೂ ತಮ್ಮನೂ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋದೆವು.