ಕ್ಷೌರ ಮುಗಿಯುವುದರೊಳಗೆ

ಹದಿಮೂರು ಸಲ ಒದ್ದರೂ ಗಾಡಿ ಜಪ್ಪಯ್ಯ ಅನ್ನಲಿಲ್ಲ.

ಬೆಣ್ಣೆ ಹಣೆಯ ಬೆವರು ಒರೆಸಿಕೊಂಡು ಎದುರಿನ ಕ್ಷೌರದಂಗಡಿಯ ಕಡೆ ಕಳ್ಳನೋಟ ಬೀರಿದ. ಅವನ ಹತ್ತಿರ ಬೇರೆ ಥರದ ನೋಟವೇ ಇರಲಿಲ್ಲ. ಎಂಥ ಬೀಗವಾದರೂ ಇವನ ಕೈಯಲ್ಲಿ ಬೆಣ್ಣೆಯ ಹಾಗೆ ಕರಗುತ್ತದೆ ಎಂದು ಕಸುಬಿನ ಗೆಳೆಯರು ಅವನಿಗೆ ಇಟ್ಟ ಹೆಸರು ಬೆಣ್ಣೆ.

ಗಾಡಿಯ ಯಜಮಾನನನ್ನು ಅವನು ನೋಡಿದ್ದು ಬೆನ್ನ ಕಡೆಯಿಂದ ಮಾತ್ರ. ಒಂದು ಬೂದು ಕೋಟು ಗಾಡಿ ನಿಲ್ಲಿಸಿ, ಕ್ಷೌರದಂಗಡಿಯ ಪರದೆ ಸರಿಸಿ ಒಳಗೆ ಹೋಗಿತ್ತು. ಕ್ಷೌರ ಎಂದರೆ ಏನಿಲ್ಲವೆಂದರೂ ಇಪ್ಪತ್ತು ನಿಮಿಷ. ಬೆಣ್ಣೆಗೆ ನಲವತ್ತು ಸೆಕೆಂಡು ಸಾಕು. ಆದರೆ ಅವನು ಇಷ್ಟು ವರ್ಷ ಹಾರಿಸಿದ್ದೆಲ್ಲ ಗುಂಡಿ ಒತ್ತಿದರೆ ಹೊರಡುವ ಹೊಸ ಬೈಕುಗಳು. ಈ ಮುದಿ ಗಾಡಿಯಲ್ಲಿ ಗುಂಡಿಯೇ ಇಲ್ಲ. ಹುಡುಕಿ ಹುಡುಕಿ ಸಿಕ್ಕಿದ ಒಂದನ್ನು ಒತ್ತಿದ್ದ. ಅದು ಹಾರ್ನ್.

ಈಗಾಗಲೇ ಎರಡು ಸಲ ಸಿಕ್ಕಿಬಿದ್ದವನು. ಮೂರನೇ ಸಲ ಒಳಗೆ ಹೋದರೆ ತಾನು ತವರಿಗೆ ಹೋಗುವುದಾಗಿ ಹೆಂಡತಿ ಹೇಳಿದ್ದಳು. ಸುಳ್ಳು ಹೇಳುವ ಅಭ್ಯಾಸ ಆ ಮನೆಯಲ್ಲಿ ಅವನೊಬ್ಬನಿಗೇ ಇದ್ದದ್ದು.

ಹದಿನಾಲ್ಕನೆಯ ಒದೆತಕ್ಕೆ ಕಿಕ್ಕರ್ ತಿರುಗಿ ಅವನನ್ನೇ ಒದೆಯಿತು. "ಅಯ್ಯಪ್ಪಾ!" ಎಂದು ಮೊಣಕಾಲು ಹಿಡಿದು ಕುಣಿದ.

ಪಕ್ಕದ ಬ್ರೆಡ್ ಅಂಗಡಿಯ ಅಕ್ಕ ಇಣುಕಿ ನೋಡಿ, "ರೀ, ಇಲ್ಲಿ ಇನ್ನೊಬ್ಬರು ಒದೀತಾ ಇದಾರೆ!" ಎಂದು ಯಾರಿಗೋ ಕೂಗಿ ಹೇಳಿದಳು.

ಎಲ್ಲಿಂದಲೋ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ನಿಂತರು. ಮೈಮೇಲೆ ಬನಿಯನ್, ಪೊದೆ ಮೀಸೆ, ಒಂದು ಕಿವಿಯ ಹಿಂದೆ ಏನೋ ಬೆಳ್ಳಗೆ ಮೆತ್ತಿಕೊಂಡಿತ್ತು. ಯಾವುದೋ ಮನೆಗೆ ಸುಣ್ಣ ಬಳಿಯುತ್ತಿದ್ದವರು ಕೆಲಸ ಬಿಟ್ಟು ಬಂದಿದ್ದಾರೆ ಎಂದುಕೊಂಡ ಬೆಣ್ಣೆ.

"ಏನ್ ತಮ್ಮಾ, ಗಾಡಿ ಮೇಲೆ ಹಳೇ ದ್ವೇಷ ಏನಾದ್ರೂ ಇದೆಯಾ?"

"ಇಲ್ಲ ಸಾರ್, ಸ್ಟಾರ್ಟ್ ಆಗ್ತಿಲ್ಲ."

"ನಿಂದೇ ತಾನೆ?"

"ನಂದೇ, ನಂದೇ. ನಮ್ಮ ತಾತನ ಕಾಲದ್ದು."

"ಭೇಷ್!" ಹಿರಿಯರ ಮುಖ ಊರಗಲ ಅರಳಿತು. "ಹಾಗಾದ್ರೆ ಕಲಿತುಕೊಳ್ಳಲೇಬೇಕು. ಮೊದಲು ಪೆಟ್ರೋಲ್ ಬಿಡಪ್ಪಾ. ನೀರು ಕುಡಿಸದೆ ಕೆಲಸ ಮಾಡು ಅಂದ್ರೆ ಯಾರು ಮಾಡ್ತಾರೆ?"

ಟ್ಯಾಂಕಿನ ಕೆಳಗಿನ ಕಾಕ್ ತಿರುಗಿಸಿದರು. ಎಡಗೈ ಹತ್ತಿರದ ಪುಟ್ಟ ಲಿವರ್ ಹಿಡಿಸಿದರು. "ಇದನ್ನ ಒತ್ತಿ, ಕಿಕ್ಕರನ್ನ ಮೆತ್ತಗೆ ಇಳಿಸು. ಮೀಟರಿನ ಈ ಮುಳ್ಳು ನಡುಮಧ್ಯಕ್ಕೆ ಬರಬೇಕು. ಬಂತಾ? ಈಗ ಲಿವರ್ ಬಿಡು. ಕಿಕ್ಕರ್ ಮೇಲಕ್ಕೆ ಬರಲಿ. ಇನ್ನು ಒದೀಬೇಡ, ಮೈಭಾರ ಹಾಕಿ ಸುಮ್ನೆ ಇಳಿ. ಮೆಟ್ಟಿಲು ಇಳಿದ ಹಾಗೆ."

ಬೆಣ್ಣೆ ಮೆಟ್ಟಿಲು ಇಳಿದ. ಗಾಡಿ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಡುಗುಡುಗು ಎಂದು ಮಾತಿಗೆ ಶುರುವಿಟ್ಟುಕೊಂಡಿತು. ಬೀದಿಯ ಕಿಟಕಿ ಗಾಜುಗಳೆಲ್ಲ ಹೂಂಗುಟ್ಟಿದವು.

"ಬರ್ತೀನಿ ಸಾರ್, ನಿಮ್ಮ ಉಪಕಾರ ಮರೆಯಲ್ಲ!"

"ಇರು ಇರು, ಎಲ್ಲಿಗೆ ಓಡ್ತೀಯ?" ಹಿರಿಯರು ಹ್ಯಾಂಡಲ್ ಹಿಡಿದು ನಿಂತರು. "ಇದರ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸ ಬೈಕಿಗೆ ಪೂರ್ತಿ ಉಲ್ಟಾ. ಮರೆತು ಬ್ರೇಕು ಅಂತ ಬಲಗಾಲು ತುಳಿದೆಯೋ, ನೀನು ನಿಲ್ಲೋದು ಯಾರದಾದ್ರೂ ಅಡುಗೆಮನೆಯಲ್ಲಿ."

ಹದಿನೇಳು ನಿಮಿಷವಾಗಿತ್ತು. ಕ್ಷೌರದಂಗಡಿಯ ಪರದೆ ಅಲ್ಲಾಡಿತು. ಬೆಣ್ಣೆ ಹ್ಯಾಂಡಲ್ ಬಿಡಿಸಿಕೊಳ್ಳಲು ನೋಡಿದ.

"ಸಾರ್, ಅರ್ಜೆಂಟು..."

"ಅರ್ಜೆಂಟಿರೋರು ಇದನ್ನ ಇಟ್ಕೋಬಾರ್ದು ಕಣೋ. ಮಳೆಗಾಲದಲ್ಲಿ ಕಿಡಿ ಕೊಡೋ ಪಾಯಿಂಟ್ ಒದ್ದೆಯಾದ್ರೆ ಮುನಿಸಿಕೊಳ್ಳುತ್ತೆ, ಬಟ್ಟೆಯಲ್ಲಿ ಒರೆಸು. ತಿಂಗಳಿಗೊಂದು ಸಲ ಪ್ಲಗ್ ಬಿಚ್ಚು. ಕೆಳಗೆ ಆಯಿಲ್ ತೊಟ್ಟಿಕ್ಕಿದ್ರೆ ಗಾಬರಿ ಬೀಳಬೇಡ, ಅದಕ್ಕೆ ಮೊದಲಿಂದ ನೆಗಡಿ. ಎಲ್ಲಿ, ಒಂದ್ಸಲ ಆಫ್ ಮಾಡಿ, ನೀನೇ ಸ್ಟಾರ್ಟ್ ಮಾಡಿ ತೋರಿಸು."

ಬೆಣ್ಣೆಗೆ ಅಳುವೇ ಬಂತು. ಆದರೂ ಆಫ್ ಮಾಡಿದ. ಲಿವರ್, ಮುಳ್ಳು, ಮೆಟ್ಟಿಲು. ಒಂದೇ ಏಟಿಗೆ ಡುಗುಡುಗು! ತನ್ನ ಜೀವಮಾನದಲ್ಲಿ ಬೀಗ ಬಿಟ್ಟು ಬೇರೇನಾದರೂ ಅವನ ಮಾತು ಕೇಳಿದ್ದು ಇದೇ ಮೊದಲು.

"ಪಾಸು!" ಹಿರಿಯರು ಬೆನ್ನು ತಟ್ಟಿದರು. "ಚೆನ್ನಾಗಿ ನೋಡ್ಕೊಳ್ತೀಯ ತಾನೆ?"

"ಮಗು ಥರಾ ನೋಡ್ಕೊಳ್ತೀನಿ ಸಾರ್." ಹೇಳಿದ ಮೇಲೆ ಅದು ಸುಳ್ಳಲ್ಲ ಎಂದು ಗೊತ್ತಾಗಿ ಅವನಿಗೇ ಆಶ್ಚರ್ಯವಾಯಿತು.

ತಿರುವಿನಲ್ಲಿ ಗಾಡಿ ಸ್ವಲ್ಪ ತಡವರಿಸಿತು. "ಎಡಗಾಲೋ! ಎಡಗಾಲು!" ಎಂದು ಹಿರಿಯರು ಬೀದಿಯ ನಡುವೆ ನಿಂತು ಕೂಗಿದರು. ಬೆಣ್ಣೆ ಎಡಗಾಲು ತುಳಿದು, ನಿಧಾನಿಸಿ, ಕೈ ಬೀಸಿ, ಜುಂ ಎಂದು ಮಾಯವಾದ. ಯಾರೂ ಬೆನ್ನಟ್ಟಲಿಲ್ಲ. ಇಷ್ಟು ಸಲೀಸಾದ ಕೆಲಸ ತನ್ನ ಕಸುಬಿನಲ್ಲೇ ಆಗಿರಲಿಲ್ಲ ಎಂದು ಅವನು ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ಹೋದ.

ಸದ್ದು ಪೂರ್ತಿ ಅಡಗುವ ತನಕ ಹಿರಿಯರು ಕಿವಿಗೊಟ್ಟು ನಿಂತಿದ್ದರು. ಆಮೇಲೆ ಕ್ಷೌರದಂಗಡಿಯ ಪರದೆ ಸರಿಸಿ ಒಳಗೆ ಹೋಗಿ, ತಮ್ಮ ಬೂದು ಕೋಟು ನೇತುಹಾಕಿದ್ದ ಮೊಳೆಯ ಕೆಳಗಿನ ಕುರ್ಚಿಯಲ್ಲಿ ಆರಾಮಾಗಿ ಒರಗಿದರು.

"ಹೋದ್ನಾ ಯಜಮಾನ್ರೇ?" ಎಂದ ಕ್ಷೌರದವನು, ಕತ್ತಿ ಮಸೆಯುತ್ತ.

"ಹೋದ ಕಣಯ್ಯ. ಮಾವ ಕೊಟ್ಟ ಗಾಡಿ, ಮಾರಿದ್ರೆ ಮನೆಯವಳು ಬಿಡಲ್ಲ, ಯಾರಿಗಾದ್ರೂ ಕೊಟ್ರೆ ಅವಳ ತವರಿನವರು ಬಿಡಲ್ಲ. ಕಳುವಾದ್ರೆ ಮಾತ್ರ ಯಾರೂ ಏನೂ ಅನ್ನೋ ಹಾಗಿಲ್ಲ." ಹಿರಿಯರು ಕಣ್ಣು ಮುಚ್ಚಿ, ಉಳಿದ ಕೆನ್ನೆ ಒಡ್ಡಿದರು. "ಹಿಂದಿನ ಇಬ್ಬರು ಕಳ್ಳರಿಗೂ ಏನೂ ಹೇಳಿಕೊಡದೆ ಕಳಿಸಿದ್ದೇ ತಪ್ಪಾಯ್ತು ನೋಡು, ಮೂರೇ ದಿನಕ್ಕೆ ತಳ್ಳಿಕೊಂಡು ಬಂದು ವಾಪಸ್ ನಿಲ್ಲಿಸಿ ಹೋಗಿದ್ರು."