ಕೆಂಪು ಬಟ್ಟೆಯ ಕೆಳಗೆ

"ಇವಳ ಹೆದರಿಕೆ ಬಿಡಿಸಿ ಅಜ್ಜಿ, ನನಗಂತೂ ಸಾಕಾಗಿ ಹೋಗಿದೆ!" ಎಂದು ರಾಮಿಜ್ ಅಬ್ಬರಿಸಿದ್ದು ತ್ರಾವ್ನಿಕ್ ಪಟ್ಟಣದ ಆ ಬೀದಿಯ ಕೊನೆಯ ಬೇಕರಿಗೂ ಕೇಳಿಸಿರಬೇಕು. ಪಕ್ಕದಲ್ಲಿ ಅವನ ಹೆಂಡತಿ ಮಿರ್ಜೆತಾ ನಡುಗುವ ಕೈಗಳನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದಳು.

ಶೆಫಿಕಾ ಅಜ್ಜಿ ಹೆದರಿದವರ ತಲೆಗೆ ಬಟ್ಟೆ ಹೊದಿಸಿ ಕೂರಿಸಿ, ಅದರ ಮೇಲೆ ಹಿಡಿದ ನೀರಿಗೆ ಕರಗಿದ ಸೀಸ ಸುರಿದು ಹೆದರಿಕೆ ತೆಗೆಯುವವಳು. ಒಲೆಯ ಮೇಲೆ ಸೀಸ ಕಾಯುತ್ತಿತ್ತು. "ಏನಾಗುತ್ತೆ ಮಗಳೇ?" ಎಂದು ಕೇಳಿದಳು.

ಉತ್ತರ ರಾಮಿಜ್‌ನದೇ. "ಎದೆ ಹೊಡ್ಕೊಳ್ಳುತ್ತಂತೆ, ಅಂಗೈ ಬೆವರುತ್ತಂತೆ. ಮದುವೆ ಬಟ್ಟೆ ಹೊಲಿಯೋಳು, ಸೂಜಿಗೆ ದಾರ ಪೋಣಿಸೋಕಾಗಲ್ಲ! ಸೋಮವಾರದೊಳಗೆ ಕೈ ಸರಿಹೋಗದಿದ್ರೆ ಕೆಲಸಕ್ಕೆ ಬರ್ಬೇಡ ಅಂದಿದ್ದಾಳೆ ಅಂಗಡಿಯೋಳು. ಡಾಕ್ಟ್ರು ಹೇಳ್ತಾರೆ, ಮೆದುಳು ಯಾವುದೋ ಅಪಾಯ ಕಂಡು ಬೆಚ್ಚುತ್ತಂತೆ. ಎಲ್ಲಿಯ ಅಪಾಯ? ಇಪ್ಪತ್ನಾಲ್ಕು ಗಂಟೆ ನಾನೇ ಜೊತೆಗಿರ್ತೀನಲ್ಲ!"

ಪಾಪ, ಅದೇ ಅವನಿಗೂ ಬಿಡಿಸಲಾಗದ ಒಗಟು.

ಅಜ್ಜಿ ಸೂಜಿ ದಾರ ಎತ್ತಿ ಮಿರ್ಜೆತಾಳ ಕೈಗಿತ್ತಳು. "ತಲೆಗೆ ಹೊದಿಸೋ ಈ ಕೆಂಪು ಬಟ್ಟೆಯ ಅಂಚು ಬಿಚ್ಚಿಹೋಗಿದೆ. ಪೋಣಿಸಿ ಕೊಡಮ್ಮ, ನನಗೆ ಕಣ್ಣು ಕಾಣಲ್ಲ." ದಾರ ಸೂಜಿಯ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. "ನೋಡಿ! ನೋಡಿ ಅಜ್ಜಿ! ನಾನು ಹೇಳ್ಲಿಲ್ವಾ!" ಎಂದು ರಾಮಿಜ್ ಕುಣಿದಾಡಿದ. ಸೂಜಿ ನೆಲಕ್ಕೆ ಬಿತ್ತು.

ಅಜ್ಜಿ ಕಾದ ಸೀಸದ ಸೌಟು ಎತ್ತಿದಳು. ಮಿರ್ಜೆತಾ ಎರಡು ಹೆಜ್ಜೆ ಹಿಂದೆ ಸರಿದಳು.

"ಥೂ, ಇದಕ್ಕೂ ಹೆದರಿಕೆಯಾ? ನಾನು ಕೂತು ತೋರಿಸ್ತೀನಿ ನೋಡು!"

"ಕೂತ್ಕೊಳಪ್ಪ, ಧಾರಾಳವಾಗಿ," ಎಂದಳು ಅಜ್ಜಿ. "ಆದ್ರೆ ಬಟ್ಟೆಯೊಳಗೆ ತುಟಿ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಹೆದರಿಕೆ ಹೊಟ್ಟೆಗಿಳಿದು ಅಲ್ಲೇ ಮನೆ ಮಾಡುತ್ತೆ."

ಶೂರ ಕೂತ. ಕೆಂಪು ಬಟ್ಟೆ ಅವನ ಮೊಣಕಾಲಿನವರೆಗೂ ಇಳಿಯಿತು. ನೆತ್ತಿಯ ಮೇಲೆ ಹಿಡಿದ ನೀರಿನ ಬೋಗುಣಿಯೊಳಗೆ ಸೀಸ ಚುಂಯ್ ಎಂದಿತು. ಬಟ್ಟೆಯ ಕೆಳಗೆ ಎರಡು ಮೊಣಕಾಲು ಒಂದಕ್ಕೊಂದು ಬಡಿದುಕೊಂಡವು, ಬೂಟುಗಳು ತಟತಟ ಎಂದವು. ಆದರೆ ಬಾಯಿಂದ ಒಂದು ಮಾತಿಲ್ಲ. ಮದುವೆಯಾದ ಮೇಲೆ ಮಿರ್ಜೆತಾ ಇಂಥದೊಂದು ಮೌನ ಕೇಳಿದ್ದೇ ಇಲ್ಲ.

ಅವಳು ಬಗ್ಗಿ ಸೂಜಿ ಎತ್ತಿಕೊಂಡಳು. ದಾರ ಮೊದಲ ಸಲಕ್ಕೇ ಒಳಗೆ ಹೋಯಿತು. ಅವಳಿಗೇ ನಂಬಿಕೆಯಾಗಲಿಲ್ಲ. ಗಂಡನ ಮೊಣಕಾಲಿನ ಮೇಲೆ ಜೋಲುತ್ತಿದ್ದ ಅಂಚನ್ನು ಹಿಡಿದು ಹೊಲಿಯತೊಡಗಿದಳು, ಒಂದೇ ಅಳತೆಯ ಪುಟ್ಟ ಪುಟ್ಟ ಹೊಲಿಗೆ. ಅಜ್ಜಿ ಬೋಗುಣಿ ಕೆಳಗಿಳಿಸದೆ ಅವಳ ಕೈಗಳನ್ನೇ ನೋಡುತ್ತಿದ್ದಳು.

"ಮುಗೀತೇನೇ?" ಎಂದು ಬಟ್ಟೆ ಗುಡುಗಿತು.

ಸೂಜಿ ಮಿರ್ಜೆತಾಳ ಬೆರಳಿಗೆ ಚುಚ್ಚಿತು. ಅವಳು ಬೆರಳ ಮೇಲಿನ ರಕ್ತದ ಹನಿ ನೋಡಿದಳು, ಬಟ್ಟೆ ನೋಡಿದಳು, ಆಮೇಲೆ ಮೆಲ್ಲಗೆ ಕೇಳಿದಳು:

"ಅಜ್ಜಿ, ಸೋಮವಾರದವರೆಗೆ ಇವರು ಹೀಗೇ ಇರಬಹುದಾ?"